ಅಪ್ಪನ ಹೊಲ ಪರೀಕ್ಷೆಗೆ ಕೂತದ್ದು

ತುಮಕೂರಿನ ನಮ್ಮ ಕಚೇರಿಯ ಬಾಗಿಲ ಮೇಲೆ 'ಮಣ್ಣು ಪರೀಕ್ಷೆ' ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಅದನ್ನು ಬರೆಸಿದವರು ಯಾರೋ ಗೊತ್ತಿಲ್ಲ, ಆದರೆ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲಿ ಪಟ್ಟ ಪಾಡಿಗೆಲ್ಲ ಆ ಎರಡನೆಯ ಪದವೇ ಕಾರಣ. ಪರೀಕ್ಷೆ ಎಂದರೆ ನಮ್ಮ ಕಡೆಯ ರೈತರಿಗೆ ಗೊತ್ತಿದ್ದದ್ದು ಎಸ್ಸೆಸ್ಸೆಲ್ಸಿ ಒಂದೇ. ಪರೀಕ್ಷೆ ಎಂದಮೇಲೆ ಪಾಸು ಇರಬೇಕು, ಫೇಲೂ ಇರಬೇಕು. ಫೇಲಾಗುವುದು ಗೊತ್ತಿದ್ದೂ ಯಾರು ತಾನೇ ಮಕ್ಕಳನ್ನು ಪರೀಕ್ಷೆಗೆ ಕೂರಿಸುತ್ತಾರೆ? ಹಾಗಾಗಿ ಅವರು ತುಮಕೂರಿನ ಬಸ್ಸು ಹತ್ತುವಾಗ ತಮ್ಮ ಹೊಲದ ಮಣ್ಣು ತರುತ್ತಿರಲಿಲ್ಲ. ಊರಿನಲ್ಲಿ ಎಲ್ಲಿ ಒಳ್ಳೆಯ ಮಣ್ಣಿದೆಯೋ ಅದನ್ನು ಹುಡುಕಿ ತರುತ್ತಿದ್ದರು.

ಒಬ್ಬರು ತುಳಸಿಕಟ್ಟೆಯ ಮಣ್ಣು ತಂದರು. ಇನ್ನೊಬ್ಬರು ಹುತ್ತದ ಮಣ್ಣನ್ನು ಅರಿಶಿನ ಕುಂಕುಮದ ಸಮೇತ ತಂದು, "ದೇವ್ರ ಮಣ್ಣು ಕಣವ್ವ, ನೋಡ್ಕಂಡು ಬರಿ" ಎಂದರು. ಕುಣಿಗಲ್ ಕಡೆಯ ಒಬ್ಬ ಹೆಂಗಸು ಮಣ್ಣನ್ನು ಜರಡಿ ಹಿಡಿದು, ಕಲ್ಲು ಆರಿಸಿ, ನೆರಳಿನಲ್ಲಿ ಒಣಗಿಸಿ, ಹೊಸ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದರು. ಇವರೊಬ್ಬರಾದರೂ ಹೇಳಿದಂತೆ ಮಾಡಿದರಲ್ಲ ಎಂದು ನಾನು ಹಿಗ್ಗಿ ಹೊಗಳಿದರೆ, ಅದು ಪಕ್ಕದವರ ಹೊಲದ ಮಣ್ಣಂತೆ. "ನಮ್ದು ಏನೂ ಚೆನ್ನಾಗಿಲ್ಲ ಮೇಡಮ್ಮೋರೆ, ಅವ್ರದ್ದೇ ವಾಸಿ" ಎಂದರು, ಸ್ವಲ್ಪವೂ ಅಳುಕಿಲ್ಲದೆ. ವಾರದ ಮೇಲೆ ಫಲಿತಾಂಶದ ಕಾರ್ಡು ಇಸಿದುಕೊಳ್ಳಲು ಬಂದವರು ಮೊದಲು ಕೇಳುತ್ತಿದ್ದದ್ದೇ "ಪಾಸಾ?" ಎಂದು. ಇದು ಪಾಸು ಫೇಲಿನ ಪರೀಕ್ಷೆಯಲ್ಲ, ಮೈಗೆ ಹುಷಾರಿಲ್ಲದಾಗ ಡಾಕ್ಟರು ನಾಲಗೆ ನೋಡುವುದಿಲ್ಲವೇ, ಅಂಥದ್ದು ಎಂದು ಬಾಯಿ ನೋಯುವಷ್ಟು ಹೇಳುತ್ತಿದ್ದೆ. ಮೊದಮೊದಲು ನಗುತ್ತಾ ಹೇಳುತ್ತಿದ್ದೆ, ಆಮೇಲೆ ಸಿಡುಕುತ್ತಾ ಹೇಳಿದೆ. ನನ್ನ ಅಪ್ಪನೇ ಇದೇ ಕೆಲಸ ಮಾಡುವವರೆಗೆ ಒಟ್ಟಿನಲ್ಲಿ ಅದು ನನಗೊಂದು ತಮಾಷೆಯಾಗಿತ್ತು.

ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿ, ಕಡಬದ ಕೆರೆಗೆ ಹತ್ತಿರ. ನಮ್ಮದು ಕೆರೆಯ ನೀರು ಹತ್ತದ ಖುಷ್ಕಿ ಹೊಲ, ಕೆಂಪು ಮಣ್ಣು, ರಾಗಿ ಬಿಟ್ಟರೆ ಬೇರೆ ಬೆಳೆಯಿಲ್ಲ. ಊರಿನಲ್ಲಿ ಸರ್ಕಾರಿ ಗೊಬ್ಬರವನ್ನು ಮೊದಲು ಹೊಲಕ್ಕೆ ಎರಚಿದವನು ಅಪ್ಪ. ಯೂರಿಯಾ, ಕಾಂಪ್ಲೆಕ್ಸು ಎಲ್ಲಕ್ಕೂ ಆಗ ಅದೇ ಹೆಸರು. ತಿಪ್ಪೆಯಿಂದ ಬಂದರೆ ಮನೆ ಗೊಬ್ಬರ, ಮೂಟೆಯಲ್ಲಿ ಬಂದರೆ ಸರ್ಕಾರಿ ಗೊಬ್ಬರ. ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿತ್ತು, ನಾನಿನ್ನೂ ಪ್ರೈಮರಿ ಶಾಲೆ. ಅಪ್ಪ ಮೊರದಲ್ಲಿ ಬಿಳಿ ಕಾಳು ಸುರಿದುಕೊಂಡು ಸಾಲಿನುದ್ದಕ್ಕೂ ಎರಚುತ್ತಾ ಹೋದರೆ, ಬದುವಿನ ಮೇಲೆ ನಿಂತವರು, "ಸಾರಿಗೆ ಉಪ್ಪು ಹಾಕ್ದಂಗೆ ಹಾಕ್ತಾವ್ನೆ, ಪೈರೆಲ್ಲ ಸುಟ್ಟೋಯ್ತದೆ ನೋಡ್ತಿರ್ರಿ" ಎಂದು ಕಾಯುತ್ತಿದ್ದರು.

ಪೈರು ಸುಡಲಿಲ್ಲ. ಆ ವರ್ಷ ಕಣದಲ್ಲಿ ರಾಗಿ ರಾಶಿ ಹಾಕಿದಾಗ ಆಚೆ ಬದಿಯಲ್ಲಿ ನಿಂತ ಅವ್ವ ಈಚೆ ನಿಂತ ನನಗೆ ಕಾಣಲಿಲ್ಲ. ತಾಲ್ಲೂಕಿನ ಬೆಳೆ ಸ್ಪರ್ಧೆಯಲ್ಲಿ ಅಪ್ಪನಿಗೆ ಮೊದಲ ಬಹುಮಾನ ಬಂತು. ಗುಬ್ಬಿಯಲ್ಲಿ ಹಾರ ಹಾಕಿ, ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುವ ಹೊಸ ಸ್ಪ್ರೇಯರ್ ಕೊಟ್ಟರು. ಅಪ್ಪ ಅದನ್ನು ಅಲ್ಲೇ ಬೆನ್ನಿಗೇರಿಸಿ ಬಸ್ಸು ಹತ್ತಿ, ಊರು ಎರಡು ಮೈಲಿ ಇರುವಾಗಲೇ ಇಳಿದು, ದಾರಿಯ ಹಳ್ಳಿಗಳವರೆಲ್ಲ ನೋಡಲಿ ಎಂದು ನಡೆದುಕೊಂಡು ಬಂದ. ಅಂದಿನಿಂದ ಅಪ್ಪ 'ರಾಗಿ ಯಜಮಾನ' ಆದ. ಎಕರೆಗೆ ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂದು ಅಪ್ಪನನ್ನು ಕೇಳದೆ ಊರಿನಲ್ಲಿ ಯಾರೂ ಮೂಟೆ ಬಿಚ್ಚುತ್ತಿರಲಿಲ್ಲ.

ಸರ್ಕಾರಿ ಗೊಬ್ಬರವನ್ನು ಈಗ ಬೈಯುವವರ ಜೊತೆ ನಾನು ಸುಮ್ಮನೆ ದನಿಗೂಡಿಸುವವಳಲ್ಲ. ನಾನು ತುಮಕೂರಿಗೆ ಹೋಗಿ ಬಿ.ಎಸ್ಸಿ. ಓದಿದ್ದು ಆ ರಾಗಿಯಿಂದ. ನಮ್ಮೂರಿನ ಹೆಣ್ಣುಮಕ್ಕಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ.

ಆದರೆ ಮೂಟೆ ಮನೆಗೆ ಬಂದಮೇಲೆ ಬೇರೆ ಕೆಲವು ಕೆಲಸಗಳು ಸದ್ದಿಲ್ಲದೆ ನಿಂತುಹೋದವು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಳದ ಕಪ್ಪು ಗೋಡನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದೆವು, ಅದು ನಿಂತಿತು. ಕುರಿಗಾಹಿಗಳನ್ನು ಕರೆಸಿ, ಹೊಲದಲ್ಲಿ ಒಂದು ವಾರ ಕುರಿ ಮಂದೆ ತರುಬಿಸಿ, ಹಿಕ್ಕೆ ಗಂಜಲ ಬೀಳಿಸಿಕೊಳ್ಳುವುದು ನಿಂತಿತು. ರಾಗಿಯ ನಡುನಡುವೆ ಅವರೆ, ತೊಗರಿ ಹಾಕುವ ಅಕ್ಕಡಿ ಸಾಲನ್ನೂ ಅಪ್ಪ ಕಿತ್ತುಹಾಕಿದ. ಸ್ಪರ್ಧೆಗೆ ಅಳೆಯುವುದು ರಾಗಿಯನ್ನು ಮಾತ್ರ, ಅವರೆಕಾಯಿಯನ್ನಲ್ಲ ಎಂದ. ನಾಲ್ಕೈದು ವರ್ಷ ಏನೂ ಆಗಲಿಲ್ಲ. ಆಮೇಲೆ ರಾಶಿಯ ಆಚೆ ನಿಂತ ಅವ್ವನ ತಲೆ ಕಾಣತೊಡಗಿತು. ಇನ್ನೆರಡು ವರ್ಷಕ್ಕೆ ಭುಜ ಕಂಡಿತು. ಅಪ್ಪ ಮೂಟೆ ಹೆಚ್ಚಿಸಿದ. ಹೆಚ್ಚಿಸಿದ ವರ್ಷ ಪೈರು ಕಡು ಹಸಿರಾಗಿ ಎದ್ದು, ಗಾಳಿ ಬೀಸಿದರೆ ಮಲಗಿಬಿಡುತ್ತಿತ್ತು, ತೆನೆ ಮಾತ್ರ ತುಂಬುತ್ತಿರಲಿಲ್ಲ.

ಮಣ್ಣು ಬದಲಾದದ್ದನ್ನು ಮೊದಲು ಹೇಳಿದವಳು ಅವ್ವ. ಅವ್ವನ ತವರು ಕುಣಿಗಲ್ ಕಡೆ. ಅಲ್ಲಿ ಅವಳ ಅಣ್ಣಂದಿರು ಗದ್ದೆಗೆ ಇನ್ನೂ ಹೊಂಗೆ ಸೊಪ್ಪು ತುಳಿಯುತ್ತಿದ್ದರು. "ಈ ಹೊಲದಾಗೆ ಬರಿಗಾಲಲ್ಲಿ ಕಳೆ ತೆಗೆದೋಳು ನಾನು. ಮೊದ್ಲು ಮಣ್ಣು ಕಾಲಿಗೆ ಮೆತ್ಗಿತ್ತು, ಈಗ ಹಿಮ್ಮಡಿ ಸೀಳ್ತದೆ" ಎಂದಳು. ನಿಜವೇ. ಮಳೆ ನಿಂತು ಎರಡು ಬಿಸಿಲು ಬಿದ್ದರೆ ಸಾಕು, ಹೊಲದ ಮೇಲೆ ಒಂದು ಗಟ್ಟಿ ಪದರ ಕೂತು, ರಾಗಿಯ ಮೊಳಕೆ ಅದರಡಿಯಲ್ಲೇ ಸುರುಳಿ ಸುತ್ತಿಕೊಂಡು ಸಾಯುತ್ತಿತ್ತು. ಉಳುವಾಗ ಎರೆಹುಳು ಕಾಣುತ್ತಿರಲಿಲ್ಲ, ಅದಕ್ಕೆ ನೇಗಿಲ ಹಿಂದೆ ಬರುವ ಬೆಳ್ಳಕ್ಕಿಗಳೂ ಕಡಿಮೆಯಾಗಿದ್ದವು. ಅಪ್ಪ ಒಂದು ವರ್ಷ ಮಳೆಯನ್ನು ಬೈದ, ಇನ್ನೊಂದು ವರ್ಷ ಬಿತ್ತನೆ ಬೀಜವನ್ನು ಬೈದ, ಮತ್ತೊಂದು ವರ್ಷ ಎತ್ತುಗಳಿಗೂ ಬೈಗುಳ ತಪ್ಪಲಿಲ್ಲ. ಬೈಸಿಕೊಳ್ಳದೆ ಉಳಿದದ್ದು ಮೂಟೆ ಮಾತ್ರ.

ಅಷ್ಟರಲ್ಲಿ ನನಗೆ ಮಣ್ಣು ಪರೀಕ್ಷೆಯ ಕೆಲಸ ಸಿಕ್ಕಿ, ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಒಂದು ರೂಮು ಹಿಡಿದಿದ್ದೆ. ಅಪ್ಪ ಒಮ್ಮೆ ಕಚೇರಿ ನೋಡಲು ಬಂದು, ಗಾಜಿನ ಕೊಳವೆಗಳ ಮುಂದೆ ಕೈಕಟ್ಟಿ ನಿಂತು ಎಲ್ಲವನ್ನೂ ನೋಡಿದ. ವಾಪಸು ಹೋಗುವಾಗ "ನಮ್ಮುಡುಗಿ ಮಣ್ಣಿನ ಡಾಕ್ಟ್ರು" ಎಂದು ಬಸ್ಸಿಗೆ ಬಸ್ಸೇ ತಿಳಿಯುವಂತೆ ಹೇಳಿಕೊಂಡು ಹೋದನಂತೆ. ಆದರೆ ನಮ್ಮ ಹೊಲದ ಮಣ್ಣು ತಂದುಕೊಡು ಎಂದಾಗಲೆಲ್ಲ ಏನಾದರೊಂದು ನೆಪ ಹೇಳುತ್ತಿದ್ದ. ಒಂದೂವರೆ ವರ್ಷ ಸತಾಯಿಸಿ, ಕೊನೆಗೆ ಒಂದು ಬೇಸಿಗೆಯ ಬೆಳಿಗ್ಗೆ ಬಟ್ಟೆಚೀಲ ಹಿಡಿದುಕೊಂಡು ಬಂದ. ನನ್ನ ಕೈಗೆ ಕೊಡಲಿಲ್ಲ. ನೇರವಾಗಿ ನಮ್ಮ ಸಾಹೇಬರ ಮೇಜಿನ ಮೇಲಿಟ್ಟು, ನಮಸ್ಕಾರ ಮಾಡಿ, ಟೀ ಕೂಡ ಕುಡಿಯದೆ ಹೊರಟುಹೋದ.

ಚೀಲ ಬಿಚ್ಚಿದ ಕೂಡಲೇ ನನಗೆ ಗೊತ್ತಾಯಿತು. ಹುಟ್ಟಿದಾಗಿನಿಂದ ಆಡಿದ ಹೊಲದ ಬಣ್ಣ ನನಗೆ ತಿಳಿಯದೇ? ನಮ್ಮದು ಇಟ್ಟಿಗೆ ಕೆಂಪು. ಇದು ಕಪ್ಪಗೆ, ಪುಡಿಪುಡಿಯಾಗಿ, ಹಿಡಿದರೆ ಬೆರಳಿಗೆ ಅಂಟುತ್ತಿತ್ತು. ನಡುವೆ ಬಾಡಿದ ಹೊಂಗೆ ಹೂವಿನ ಎಸಳುಗಳಿದ್ದವು. ನಮ್ಮ ಹೊಲದ ಮೂಲೆಯಲ್ಲಿ ಒಂದು ದೊಡ್ಡ ಹೊಂಗೆ ಮರವಿತ್ತು, ಮಧ್ಯಾಹ್ನ ದನ ಕಟ್ಟುತ್ತಿದ್ದದ್ದು ಅದರ ನೆರಳಿನಲ್ಲಿ. ವರ್ಷವಿಡೀ ಸಗಣಿ, ಗಂಜಲ, ಎಲೆ ಬಿದ್ದು ಕೊಳೆತ ಆ ಬುಡದ ಮಣ್ಣನ್ನು ಅಪ್ಪ ಅವ್ವನ ಜರಡಿಯಲ್ಲಿ ಜಾಲಿಸಿ ತಂದಿದ್ದ. ನನಗೆ ಎಂಥ ಸಿಟ್ಟು ಬಂತೆಂದರೆ, ಚೀಲವನ್ನು ಅಲ್ಲೇ ಕಿಟಕಿಯಾಚೆ ಎಸೆಯೋಣ ಎನ್ನಿಸಿತು.

ಎಸೆಯಲಿಲ್ಲ. ಬಂದ ಮಣ್ಣನ್ನೆಲ್ಲ ಪರೀಕ್ಷಿಸಬೇಕು ಎಂಬುದು ನಿಯಮ. ನಮ್ಮಲ್ಲಿ ಒಂದು ಕಿತ್ತಳೆ ಬಣ್ಣದ ದ್ರಾವಣವಿತ್ತು. ಮಣ್ಣಿನಲ್ಲಿ ಕೊಳೆತ ಸೊಪ್ಪು ಸಗಣಿಯ ಅಂಶ ಹೆಚ್ಚಿದ್ದಷ್ಟೂ ಅದು ಹಸಿರಾಗುತ್ತಿತ್ತು. ಅಪ್ಪನ ಮಣ್ಣು ಬಿದ್ದ ಕೊಳವೆ ಕಡು ಹಸಿರಾಗಿ ನಿಂತಿತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಏನಮ್ಮ, ನಿಮ್ಮ ತಂದೆಯವರದು ಹೊಲಾನೋ ಕಾಡೋ?" ಎಂದು ನಕ್ಕರು. ನಾನೂ ನಕ್ಕಂತೆ ಮಾಡಿದೆ.

ಶೆಟ್ಟಿಹಳ್ಳಿಯ ನನ್ನ ಮನೆಯೊಡತಿ ಮುಸ್ಲಿಂ ಹೆಂಗಸು, ಗಂಡನಿಗೆ ಹುಣಸೆಹಣ್ಣಿನ ವ್ಯಾಪಾರ. ನನ್ನ ಮುಖ ನೋಡಿಯೇ ಏನೋ ಆಗಿದೆ ಎಂದು ಗುರುತು ಹಿಡಿದು ಕೂರಿಸಿ ಕೇಳಿದರು. ಎಲ್ಲ ಹೇಳಿದೆ. "ಅಪ್ಪಾರ ಇಜ್ಜತ್, ಮರ್ಯಾದೆ ಅಲ್ವೇನಮ್ಮ. ಚೆನ್ನಾಗೈತೆ ಅಂತ ಬರ್ದು ಕೊಟ್ಬುಡು, ಯಾರ್ಗೆ ಏನ್ ನಷ್ಟ?" ಎಂದರು. ಅವರು ಹೇಳಿದ್ದರಲ್ಲಿ ಪ್ರೀತಿಯಿತ್ತು, ಅದಕ್ಕೇ ಉತ್ತರ ಕೊಡುವುದು ಕಷ್ಟವಾಯಿತು. ನಷ್ಟವಿತ್ತು. ಹೊಲ ಚೆನ್ನಾಗಿದೆ ಎಂದು ನಾನು ಬರೆದರೆ ಅಪ್ಪ ಮತ್ತೊಂದು ಮೂಟೆ ಏರಿಸುತ್ತಿದ್ದ. ಅಪ್ಪನ ಕೈ ನೋಡಿ ಇಡೀ ಊರು ಏರಿಸುತ್ತಿತ್ತು. ನಿಜ ಬರೆದರೆ ಹತ್ತು ವರ್ಷದಿಂದ ಎಲ್ಲರೂ ಸಲಹೆ ಕೇಳುವ ಮನುಷ್ಯ ಮಗಳ ಕೈಯಿಂದಲೇ ತಲೆತಗ್ಗಿಸಬೇಕಾಗುತ್ತಿತ್ತು. ನನಗೆ ಎರಡೂ ಬೇಡವಾಗಿದ್ದವು.

ಭಾನುವಾರ ಊರಿಗೆ ಹೋದೆ. ಅಪ್ಪ ಜಗಲಿಯ ಮೇಲೆ ಕೂತಿದ್ದ. ಒಳಗೂ ಹೋಗದೆ ಕೇಳಿದೆ.

"ಆ ಮಣ್ಣು ಎಲ್ಲೀದಪ್ಪ?"

"ಹೊಲದ್ದೇ."

"ನಮ್ಮ ಹೊಲದಾಗೆ ರಾಗಿ ಬಿಟ್ಟು ಹೊಂಗೆ ಹೂ ಯಾವಾಗಿಂದ ಬೆಳೀತೀಯ?"

ಅಪ್ಪ ಹೆಗಲ ಮೇಲಿನ ಟವಲು ತೆಗೆದು ಕೊಡವಿದ, ಮತ್ತೆ ಹಾಕಿಕೊಂಡ. ಬಾಗಿಲಲ್ಲಿ ನಿಂತ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ನಿಂಗೋಸ್ಕರ ಕಣವ್ವ" ಎಂದ ಕೊನೆಗೆ. "ನಿಮ್ ಆಫೀಸ್ನೋರೆಲ್ಲ ನೋಡ್ತಾರೆ. ಮಣ್ಣಿನ ಡಾಕ್ಟ್ರ ಮನೆ ಮಣ್ಣೇ ಹಿಂಗಾ ಅಂತ ಅನ್ಬಾರ್ದು ಅಂತ."

ಅಪ್ಪ ಕಾಪಾಡಲು ಹೊರಟಿದ್ದು ತನ್ನ ಹೆಸರನ್ನು ಎಂದುಕೊಂಡಿದ್ದೆ. ನನ್ನ ಹೆಸರನ್ನು ಎಂದು ಗೊತ್ತಾದಾಗ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧ ಸಿಟ್ಟಿನಲ್ಲೇ ಗುದ್ದಲಿ ತೆಗೆದುಕೊಂಡು ಹೊಲಕ್ಕೆ ನಡೆದೆ. ಅಪ್ಪ, ಅವ್ವ ಇಬ್ಬರೂ ಹಿಂದೆ ಬಂದರು. ಹೊಲದ ಅಡ್ಡಾದಿಡ್ಡಿ ಒಂಬತ್ತು ಕಡೆ ಗುರುತು ಮಾಡಿ, ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಇಳಿಜಾರಾಗಿ ಅರ್ಧ ಅಡಿ ಗುಂಡಿ ತೆಗೆದು, ಬದಿಯ ಮಣ್ಣು ಕೆರೆದುಕೊಳ್ಳಬೇಕು. ಮೊದಲ ಏಟಿಗೆ ಗುದ್ದಲಿ ಟಣ್ ಎಂದಿತು. ಕಲ್ಲಿರಬೇಕು ಎಂದು ಪಕ್ಕಕ್ಕೆ ಸರಿದು ಹೊಡೆದೆ. ಅಲ್ಲೂ ಅದೇ ಸದ್ದು. ಅಪ್ಪ ಗುದ್ದಲಿಯನ್ನು ನನ್ನ ಕೈಯಿಂದ ಇಸಿದುಕೊಂಡು, ಒಂಬತ್ತೂ ಗುಂಡಿಯನ್ನು ತಾನೇ ತೋಡಿದ. ಒಂದರಲ್ಲೂ ಒಂದು ಹುಳ ಸಿಗಲಿಲ್ಲ.

ಆ ಮಣ್ಣಿನ ಕೊಳವೆ ಹಸಿರಾಗಲೇ ಇಲ್ಲ. ಎಷ್ಟು ಹೊತ್ತು ನೋಡಿದರೂ ಕಿತ್ತಳೆಯಾಗಿಯೇ ಉಳಿಯಿತು. ಜೊತೆಗೆ ಮಣ್ಣು ಹುಳಿಗೆ ತಿರುಗಿತ್ತು. ವರ್ಷಗಟ್ಟಲೆ ಬರೀ ಯೂರಿಯಾ ಉಂಡ ಕೆಂಪು ಹೊಲಗಳಲ್ಲಿ ಅದು ಹಾಗಾಗುತ್ತಿತ್ತು. ಕಾರ್ಡಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದೆ. ಕೆಳಗೆ ಮಾಡಬೇಕಾದ್ದನ್ನೂ ಬರೆದೆ. ಯೂರಿಯಾ ಅರ್ಧಕ್ಕೆ ಇಳಿಸಿ, ಕೊಟ್ಟಿಗೆ ಗೊಬ್ಬರ ಅಥವಾ ಕೆರೆ ಗೋಡು ಹಾಕಿ, ಸುಣ್ಣ ಬೆರೆಸಿ, ಅಕ್ಕಡಿ ಬೆಳೆ ಹಾಕಿ. ಮುಂದಿನ ವಾರ ಕಾರ್ಡನ್ನು ಅಪ್ಪನ ಕೈಗಿಟ್ಟೆ. ಅಪ್ಪ ಕನ್ನಡಕವಿಲ್ಲದೆ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ನನ್ನ ಕಡೆ ತಿರುಗಿದ.

"ಫೇಲಾ?"

ಎಲ್ಲರಿಗೂ ಹೇಳುವಂತೆ ಅಪ್ಪನಿಗೂ ಹೇಳಬಹುದಿತ್ತು, ಇದು ಅಂಥ ಪರೀಕ್ಷೆಯಲ್ಲ ಎಂದು. ಹಾಗೆ ಹೇಳಿದ್ದರೆ ಕಾರ್ಡು ಸೂರಿನ ಸಂದಿಗೆ ಸೇರಿಬಿಡುತ್ತಿತ್ತು. ಅಪ್ಪನ ಮಗಳು ನಾನು, ನನಗದು ಚೆನ್ನಾಗಿ ಗೊತ್ತಿತ್ತು.

"ಹೂಂ, ಫೇಲು" ಎಂದೆ.

ಅಲ್ಲಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟ. ಹಬ್ಬಕ್ಕೆ ಹೋದರೆ, "ನಿನ್ ಮಗಳಿಗೆ ಇನ್ನೊಂದು ಒಬ್ಬಟ್ಟು ಹಾಕು" ಎಂದು ಅವ್ವನಿಗೆ ಹೇಳುತ್ತಿದ್ದನೇ ಹೊರತು ನನ್ನ ಮುಖ ನೋಡುತ್ತಿರಲಿಲ್ಲ. ಆದರೆ ಹೊಲದಲ್ಲಿ ನಡೆಯುತ್ತಿದ್ದದ್ದು ಬೇರೆ. ಕಾರ್ಡು ಕೈಗೆ ಬಂದ ಹದಿನೈದು ದಿನಕ್ಕೆ ಅಪ್ಪ ಗಾಡಿ ಕಟ್ಟಿ ಕೆರೆಗೆ ಇಳಿದನಂತೆ, ಮಳೆ ಶುರುವಾಗುವವರೆಗೂ ಗೋಡು ಹೊಡೆದನಂತೆ. ಕುರಿ ಮಂದೆ ತರುಬಿಸಿದನಂತೆ. ಹೊಲಕ್ಕೆ ಸುಣ್ಣ ಎರಚುವಾಗ ಊರಿನವರು ಸುಮ್ಮನಿರುತ್ತಾರೆಯೇ? "ಏನ್ ಯಜಮಾನ್ರೇ, ಹೊಲಕ್ಕೂ ಎಲೆ ಅಡಿಕೆ ತಿನ್ಸೋಕೆ ಶುರು ಮಾಡಿದ್ರಾ?" ಎಂದು ಕಾಲೆಳೆದರಂತೆ. ಇದೆಲ್ಲ ನನಗೆ ಅವ್ವನ ಬಾಯಿಂದ ತಿಳಿದದ್ದು. ನನ್ನ ಜೊತೆ ಮಾತಿಲ್ಲ, ನಾನು ಬರೆದದ್ದರಲ್ಲಿ ಒಂದು ಸಾಲೂ ಬಿಟ್ಟಿಲ್ಲ!

ಹೊಲವೆಂದರೆ ಮೂಗುದಾರ ಎಳೆದ ಕೂಡಲೇ ತಿರುಗುವ ಎತ್ತಲ್ಲ. ಯೂರಿಯಾ ಅರ್ಧ ಮಾಡಿದ ಮೊದಲ ವರ್ಷ ನಮ್ಮ ರಾಗಿ ಅಕ್ಕಪಕ್ಕದ ಹೊಲಗಳಿಗಿಂತ ಕಡಿಮೆಯೇ ಬಂತು. ಮಣ್ಣು ಮತ್ತೆ ಅವ್ವನ ಕಾಲಿಗೆ ಮೆತ್ತಗಾಗಲು, ರಾಶಿ ಒಂದು ಮಟ್ಟಕ್ಕೆ ಬಂದು ನಿಲ್ಲಲು ಇನ್ನೂ ನಾಲ್ಕು ಮಳೆಗಾಲ ಹಿಡಿದವು. ಆ ಮೊದಲ ವರ್ಷವಂತೂ ಕಣದಲ್ಲಿ ಅಪ್ಪನ ರಾಶಿಯೇ ಚಿಕ್ಕದು. ರಾಗಿ ಯಜಮಾನರಿಗೆ ವಯಸ್ಸಾಯಿತು ಎಂದು ಜನ ಮಾತಾಡಿಕೊಂಡರು. ಸಲಹೆ ಕೇಳಲು ಜಗಲಿಗೆ ಬರುವವರು ಕಡಿಮೆಯಾದರು.

ಇಂಥ ಹೊತ್ತಿನಲ್ಲೇ, ಸುಗ್ಗಿ ಮುಗಿದ ಮೇಲೆ, ನಮ್ಮ ಕಚೇರಿಯವರು ಕಡಬದ ಶಾಲೆಯ ಬಯಲಿನಲ್ಲಿ ರೈತರ ಸಭೆ ಇಟ್ಟರು. ಬಹುಮಾನ ಪಡೆದ ರೈತರೊಬ್ಬರು ಗೊಬ್ಬರ ಹಾಕುವ ಕ್ರಮದ ಬಗ್ಗೆ ಮಾತಾಡಲಿ ಎಂದು ಯಾರೋ ಅಪ್ಪನ ಹೆಸರು ಕೊಟ್ಟಿದ್ದರು. ಪಟ್ಟಿಯಲ್ಲಿ ಅದನ್ನು ನಾನು ಎರಡು ಸಲ ಓದಿದೆ. ಅಪ್ಪ ಹಳೆಯ ರಾಶಿಯ ಕಥೆ ಹೇಳಿದರೆ ಅದು ಸುಳ್ಳಾಗುತ್ತದೆ. ಈ ವರ್ಷದ ರಾಶಿಯ ಕಥೆ ಹೇಳಿದರೆ ನಗೆಪಾಟಲಾಗುತ್ತಾನೆ. ನಾನು ವರದಿ ಬರೆಯುವ ಪುಸ್ತಕ ಹಿಡಿದುಕೊಂಡು ಶಾಲೆಯ ಜಗಲಿಯ ಕಂಬದ ಪಕ್ಕ ನಿಂತಿದ್ದೆ.

ಅಪ್ಪ ಎದ್ದು ಮೈಕಿನ ಮುಂದೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಜೇಬಿನಿಂದ ಕಾರ್ಡು ತೆಗೆದ.

"ಗೊಬ್ಬರ ಹಾಕೋದು ಹೆಂಗೆ ಅಂತ ಹೇಳು ಅಂತ ಕರ್ದವ್ರೆ. ಹಾಕೋದು ಎಲ್ಲಾರ್ಗೂ ಬತ್ತದೆ, ಅದ್ರಲ್ಲಿ ಹೇಳೋದೇನೈತೆ. ಇದು ನನ್ ಹೊಲದ ಮಾರ್ಕ್ಸ್ ಕಾರ್ಡು. ಫೇಲಾಗೈತೆ."

ಜನ ನಕ್ಕರು.

"ತಡ್ಕಳ್ರಪ್ಪಾ, ನಗೋದು ಇನ್ನೂ ಐತೆ. ಮೊದ್ಲು ನಾನು ಹೊಲದ ಮಣ್ಣು ಕೊಟ್ಟಿರ್ಲಿಲ್ಲ. ಹೊಂಗೆ ಮರದ ಬುಡದ್ದು ಕೊಟ್ಟಿದ್ದೆ. ಕಾಪಿ ಹೊಡ್ದಿದ್ದೆ. ಸಿಕ್ಕಾಕ್ಕಂಡೆ. ಹಿಡ್ದೋಳು ನನ್ ಮಗಳು, ಅಗೋ ಅಲ್ಲಿ ಕಂಬದ ಪಕ್ಕ ನಿಂತವ್ಳೆ. ಅಪ್ಪ ಅಂತ ಒಂದು ಮಾರ್ಕೂ ಜಾಸ್ತಿ ಹಾಕ್ಲಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪುಸ್ತಕವನ್ನು ಎದೆಗೆ ಒತ್ತಿಕೊಂಡೆ. ಅಪ್ಪನ ದನಿ ಸ್ವಲ್ಪ ಇಳಿಯಿತು.

"ಸರ್ಕಾರಿ ಗೊಬ್ಬರದ್ದು ತಪ್ಪಿಲ್ಲ. ತಪ್ಪು ನಂದು. ಅದು ಬಂತು ಅಂತ ಗೋಡು ಬುಟ್ಟೆ, ಮಂದೆ ಬುಟ್ಟೆ, ಅಕ್ಕಡಿ ಬುಟ್ಟೆ. ಬರೀ ಅದನ್ನೇ ತಿನ್ಸಿ ತಿನ್ಸಿ ಮಣ್ಣನ್ನ ಕಲ್ಲು ಮಾಡ್ದೆ. ನನ್ನ ನೋಡ್ಕಂಡು ನೀವೂ ಮಾಡಿದ್ರಿ. ಅದಕ್ಕೆ ನಿಮ್ ಮುಂದೆ ನಿಂತು ಹೇಳ್ಬೇಕಾಗಿತ್ತು. ಈ ವರ್ಷ ನನ್ ರಾಶಿ ಸಣ್ಣದು, ನಿಮಗೆಲ್ಲ ಗೊತ್ತೈತೆ. ಆದ್ರೂ ಇವಳು ಬರ್ದಿರೋದನ್ನ ನಾನು ಬುಡಾಕಿಲ್ಲ."

ಈ ಸಲ ಯಾರೂ ನಗಲಿಲ್ಲ. ಬಯಲಿನಲ್ಲಿ ಕೂತ ಒಬ್ಬೊಬ್ಬರಿಗೂ ತಮ್ಮ ಹೊಲದ ನೆನಪು ಬಂದಿರಬೇಕು. ಒಳ್ಳೆಯ ರಾಶಿಯ ಮುಂದೆ ಎದೆಯುಬ್ಬಿಸಿ ನಿಲ್ಲುವುದು ಯಾರಿಗಾದರೂ ಬರುತ್ತದೆ. ನನ್ನ ಅಪ್ಪ ಸಣ್ಣ ರಾಶಿಯ ವರ್ಷ, ಅಷ್ಟು ಜನರೆದುರು, ಇನ್ನೂ ಗೆಲ್ಲದಿದ್ದಾಗಲೇ ತಲೆಯೆತ್ತಿ ನಿಂತಿದ್ದ. ಆ ಕ್ಷಣಕ್ಕೆ ನನಗಾದ ಹೆಮ್ಮೆ ಆಮೇಲೆ ಯಾವ ಪ್ರಮೋಷನ್ನಿಗೂ ಆಗಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬರು ಮೆಲ್ಲಗೆ ಎದ್ದರು. "ನಮ್ದೂ ಅಂಗೇ ಆಗೈತೆ ಯಜಮಾನ್ರೇ. ಗುದ್ಲಿ ಇಳಿಯಾಕಿಲ್ಲ." ಅವರ ಪಕ್ಕದವರೂ ಎದ್ದರು. ಆಮೇಲೆ ಬೇಲಿಯ ಹತ್ತಿರ ನಿಂತಿದ್ದ ಒಬ್ಬ ಹೆಂಗಸು ಸೆರಗು ಸರಿಮಾಡಿಕೊಂಡು, "ನಂದೂ ಪರೀಕ್ಷೆಗೆ ಸೇರ್ಸ್ಕಳಿ" ಎಂದರು. ನೋಡನೋಡುತ್ತಾ ನಾಲ್ಕು ಕಡೆ ಕೈಗಳೆದ್ದವು. ನಾನು ಬಾಯಿ ಬಿಟ್ಟುಕೊಂಡು ನಿಂತೇ ಇದ್ದೆ.

ಅಪ್ಪ ಮೈಕಿನಿಂದಲೇ ನನ್ನ ಕಡೆ ತಿರುಗಿದ.

"ನೋಡ್ತಾ ನಿಂತಿದೀಯಲ್ಲ, ಅವ್ರ ಹೆಸ್ರು ಬರ್ಕಳವ್ವ."

ಹತ್ತು ತಿಂಗಳ ಮೇಲೆ ಅಪ್ಪ ನನ್ನ ಜೊತೆ ಆಡಿದ ಮೊದಲ ಮಾತು ಅದು. ಬರೆದುಕೊಂಡೆ.